ತೋಟದ ಕಾಡುಸೊಪ್ಪು: ಕಳೆಯೋ, ಬೆಳೆಯೋ?



ಅಡಿಕೆಯ ಧಾರಣೆ, ಕಾಫಿಯ ಬೆಲೆ, ಗೊಬ್ಬರದ ಸರಬರಾಜು, ಸಾಲದ ಮರುಪಾವತಿ, ಈ ನಾಲ್ಕನ್ನು ಬಿಟ್ಟು ಬೇರೇನನ್ನಾದರೂ ಈ ಪುಟದಲ್ಲಿ ಬರೆದರೆ "ಕಾರ್ಯದರ್ಶಿಗಳಿಗೆ ಕೆಲಸ ಕಡಿಮೆಯಾದಂತಿದೆ" ಎಂದು ನಗುವ ಸದಸ್ಯರು ನಮ್ಮಲ್ಲಿದ್ದಾರೆ. ಈ ಸಲ ನಾವು ಬರೆಯಹೊರಟಿರುವುದು ಸೊಪ್ಪಿನ ವಿಷಯ. ಅದೂ ಹಿತ್ತಲಿನಲ್ಲಿ ಬೀಜ ಹಾಕಿ ಬೆಳೆಸಿದ ಹರಿವೆ, ಬಸಳೆಗಳ ಮಾತಲ್ಲ. ಯಾರೂ ನೆಡದೆ, ಯಾರೂ ಗೊಬ್ಬರ ಹಾಕದೆ ಮಳೆ ಬಿದ್ದೊಡನೆ ನಮ್ಮ ತೋಟಗಳಲ್ಲಿ ತಾನಾಗಿ ಎದ್ದು ನಿಲ್ಲುವ ಕಾಡುಸೊಪ್ಪಿನ ಮಾತು. ನಗುವವರು ನಗಲಿ. ಆದರೆ ಕೊನೆಯವರೆಗೆ ಓದಿ, ಆಮೇಲೆ ನಗಬೇಕೆಂದು ಸವಿನಯ ವಿನಂತಿ.

ತೋಟದಲ್ಲಿ ಕಾಲಿಟ್ಟು ಕೆಲಸ ಮಾಡಿದವರಿಗೆ ತುರಿಚೆ ಗಿಡವನ್ನು ಯಾರೂ ಪರಿಚಯಿಸಿಕೊಡಬೇಕಾಗಿಲ್ಲ. ಅದು ತಾನೇ ಪರಿಚಯ ಮಾಡಿಕೊಳ್ಳುತ್ತದೆ. ಹಳ್ಳದ ದಂಡೆ, ಬಸಿಗಾಲುವೆಯ ಬದಿ, ನೆರಳು ಹೆಚ್ಚಿರುವ ತಂಪಿನ ಮೂಲೆಗಳು ಅದರ ಸ್ಥಾನ. ಕಣ್ಣು ತಪ್ಪಿ ಮೊಣಕಾಲಿಗೆ ತಗುಲಿತೆಂದರೆ ಅರ್ಧ ದಿನದ ಕೆಲಸ ಕೆಟ್ಟಂತೆಯೇ. ಅದರ ಎಲೆ ಕಾಂಡಗಳ ಮೇಲೆ ಗಾಜಿನ ಕೊಳವೆಯಂಥ ಸೂಕ್ಷ್ಮ ರೋಮಗಳಿವೆ. ಮುಟ್ಟಿದ ಕ್ಷಣ ರೋಮದ ತುದಿ ಮುರಿದು, ಡಾಕ್ಟರ ಸೂಜಿಯಂತೆ ಒಳಗಿನ ರಸವನ್ನು ಚರ್ಮದೊಳಕ್ಕೆ ಇಳಿಸುತ್ತದೆ. ಈಚೆಗೆ ಕಳೆ ಕೊಚ್ಚುವ ಯಂತ್ರ ಬಂದ ಮೇಲಂತೂ ಅದರ ಚೂರುಗಳು ಹಾರಿ ಮುಖಕ್ಕೆ ಬಡಿಯುವುದೂ ಉಂಟು. ಆದ್ದರಿಂದ ತೋಟದಲ್ಲಿ ಮೊದಲು ಔಷಧಿ ಹೊಡೆಯಬೇಕಾದ ಗಿಡ ಯಾವುದೆಂದು ಕೇಳಿದರೆ ನಮ್ಮ ಆಳುಗಳು ಇದನ್ನೇ ತೋರಿಸುತ್ತಾರೆ. ನಾವೂ ಬಹುಕಾಲ ಹಾಗೆಯೇ ಎಣಿಸಿದ್ದೆವು.

2018ರಲ್ಲಿ ಊರಿನ ಕೆಲವರೊಡನೆ ಬದರಿ–ಕೇದಾರ ಯಾತ್ರೆಗೆ ಹೋಗಿದ್ದಾಗ ರುದ್ರಪ್ರಯಾಗದ ಆಚೆ ರಸ್ತೆ ಬದಿಯ ಒಂದು ಸಣ್ಣ ಊಟದ ಮನೆಯಲ್ಲಿ ಅನ್ನದೊಡನೆ ಕಡುಹಸಿರಾದ ಒಂದು ಗಟ್ಟಿ ಸಾರನ್ನು ಬಡಿಸಿದರು. ಪಾಲಕ್ ಇರಬಹುದೆಂದು ಉಂಡೆವು, ರುಚಿ ಪಾಲಕಿನದಾಗಿರಲಿಲ್ಲ. ನಮ್ಮ ಗುಂಪಿನ ಹೆಂಗಸರು ಏನೆಂದು ವಿಚಾರಿಸಿದಾಗ ಅಡಿಗೆಯಾಕೆ ನಗುತ್ತಾ ಹಿತ್ತಲಿಗೆ ಕರೆದುಕೊಂಡು ಹೋಗಿ ಗಿಡವನ್ನೇ ತೋರಿಸಿದಳು. ಅಲ್ಲಿಯವರು ಅದನ್ನು ಕಂಡಾಲಿ ಎನ್ನುತ್ತಾರೆ. ನೋಡಿದರೆ ನಮ್ಮ ತುರಿಚೆಯ ಹತ್ತಿರದ ಬಂಧು! ಹೂ ಬರುವುದಕ್ಕೆ ಮುಂಚೆ ಎಳೆಯ ತುದಿಗಳನ್ನು ಮಾತ್ರ ಕಬ್ಬಿಣದ ಚಿಮುಟದಿಂದ ಹಿಡಿದು ಕೊಯ್ಯುತ್ತಾರೆ. ಕುದಿಯುವ ನೀರಿಗೆ ಹಾಕಿದೊಡನೆ ರೋಮಗಳೆಲ್ಲ ಮುದ್ದೆಯಾಗಿ ತುರಿಕೆ ಅಲ್ಲಿಗೇ ಮುಗಿಯುತ್ತದೆ. ಬೆಂದ ಸೊಪ್ಪನ್ನು ಚೆನ್ನಾಗಿ ಮಸೆದು, ಅಕ್ಕಿಹಿಟ್ಟು ಕಲಸಿ ಮಂದ ಮಾಡಿ, ಮೇಲೆ ಜಖಿಯಾ ಎಂಬ ಕರಿಯ ಕಾಳಿನ ಒಗ್ಗರಣೆ. ಆ ಜಖಿಯಾ ಎಂದರೆ ಯಾವುದೆಂದು ಆಮೇಲೆ ತಿಳಿದಾಗ ಇನ್ನೂ ಆಶ್ಚರ್ಯವಾಯಿತು: ನಮ್ಮ ಕಡೆ ನಾಯಿಸಾಸಿವೆ ಎಂದು ಕರೆದು ಹೊಲದ ಬದುವಿನಿಂದ ಕಿತ್ತೆಸೆಯುವ ಹಳದಿ ಹೂವಿನ ಗಿಡವೇ ಅದು.

ನೇಪಾಳದಲ್ಲಿಯೂ ಬೆಟ್ಟದ ಜನ ಇದೇ ಜಾತಿಯ ಸೊಪ್ಪನ್ನು ಸಿಸ್ನು ಎಂದು ಕರೆದು ಉಣ್ಣುತ್ತಾರೆ. ಸ್ವೀಡನ್ ದೇಶದಲ್ಲಿ ಹಿಮ ಕರಗಿದ ಮೇಲೆ ಹುಟ್ಟುವ ಎಳೆಯ ತುರಿಚೆಯ ಸೂಪು ವಸಂತಕಾಲದ ವಿಶೇಷವಂತೆ. ಹಿಮಾಲಯದಲ್ಲಿ 'ಅಲ್ಲೋ' ಎಂಬ ಹೆಸರಿನಿಂದ ನಾರು ತೆಗೆದು ಬಟ್ಟೆ ನೇಯುವ ದೊಡ್ಡ ತುರಿಚೆಯಂತೂ ನಮ್ಮ ಪಶ್ಚಿಮ ಘಟ್ಟದಲ್ಲಿಯೂ ಬೆಳೆಯುತ್ತದೆ. ಇಂಗ್ಲಿಷರು ಅದನ್ನು ನೀಲಗಿರಿ ನೆಟ್ಟಲ್ ಎಂದು ಕರೆದರು.

ಇದನ್ನು ಓದಿ ಯಾರೂ ನಾಳೆ ಬೆಳಿಗ್ಗೆ ತುರಿಚೆ ಕೊಯ್ದು ಒಲೆಯ ಮೇಲಿಡಬಾರದು. ನಮ್ಮ ಘಟ್ಟದಲ್ಲಿ ತುರಿಸುವ ಗಿಡ ಒಂದೇ ಅಲ್ಲ. ಬಳ್ಳಿಯಾಗಿ ಹಬ್ಬುವುದು ಬೇರೆಯೇ ಕುಲದ್ದು. ಪೊದೆಯಾಗಿ ಬೆಳೆದು ದಿನಗಟ್ಟಲೆ ಉರಿಸುವುದು ಮತ್ತೊಂದು. ಹಿಮಾಲಯದ ಗಿಡಕ್ಕೆ ಹೇಳಿದ ಮಾತು ಇಲ್ಲಿಯ ಪ್ರತಿಯೊಂದಕ್ಕೂ ಅನ್ವಯಿಸುವುದಿಲ್ಲ. ನಾವು ಹೇಳಹೊರಟಿರುವುದು ಇಷ್ಟೇ: ನಾವು ಶಪಿಸಿ ತುಳಿಯುವ ಗಿಡವನ್ನು ಇನ್ನೊಂದು ನಾಡಿನ ಬಡಹೆಂಗಸು ಗುರುತಿಸಿ, ಕಾಲ ನೋಡಿ, ಉಪಾಯದಿಂದ ಕೊಯ್ದು, ಊಟವಾಗಿ ಮಾಡಿದ್ದಾಳೆ. ಅಂಥ ಜ್ಞಾನ ನಮ್ಮಲ್ಲಿ ಇರಲಿಲ್ಲವೇ? ಇತ್ತು. ಇದೆ. ಅದನ್ನು ಉಳಿಸಿಕೊಳ್ಳುತ್ತೇವೆಯೇ ಎಂಬುದೇ ಪ್ರಶ್ನೆ.

ನಮ್ಮ ಪಾಲಿನ ತುರಿಚೆ ಎಂದರೆ ಕೆಸು. ಅದರ ತುರಿಕೆ ಹೊರಗಿನ ರೋಮದಲ್ಲಿಲ್ಲ. ಎಲೆ, ದಂಟು, ಗೆಡ್ಡೆಗಳ ಒಳಗೇ ಸೂಜಿಯಾಕಾರದ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ. ಬರೀ ನೀರಿನಲ್ಲಿ ಒಂದು ಕುದಿ ಬೇಯಿಸಿದರೆ ಅವು ಕರಗುವುದಿಲ್ಲ. ಉಂಡವನ ಗಂಟಲು ಕೆರೆಯುತ್ತದೆ. ಹುಣಿಸೆಹುಳಿಯನ್ನೋ ಅಮಟೆಕಾಯಿಯನ್ನೋ ಧಾರಾಳವಾಗಿ ಹಾಕಿ, ಹದವಾಗಿ ಬಹಳ ಹೊತ್ತು ಬೇಯಿಸಬೇಕೆಂದು ಕಂಡುಹಿಡಿದವರು ಯಾವ ಪ್ರಯೋಗಶಾಲೆಯವರೂ ಅಲ್ಲ. ಪತ್ರೊಡೆಗೆ ಹುಳಿಹಿಟ್ಟನ್ನು ಅಷ್ಟು ದಪ್ಪವಾಗಿ ಬಳಿದು ಹಬೆಯಲ್ಲಿ ಅಷ್ಟು ಹೊತ್ತು ಬೇಯಿಸುವುದರ ಮರ್ಮವೂ, ಕರಕಲಿಗೆ ಹುಳಿ ಹಿಂಡುವುದರ ಮರ್ಮವೂ ಇದೇ. ಯಾವ ಕೆಸುವಿನ ದಂಟು ಕಪ್ಪು, ಯಾವುದು ಹಸಿರು, ಯಾವುದು ಬೆಂದರೂ ಬಿಡದೆ ತುರಿಸುವ ಕಾಡುಕೆಸು, ಯಾವುದು ಮಳೆಗಾಲದಲ್ಲಿ ಹಳೆಯ ಮರದ ಪಾಚಿಯಲ್ಲಿ ಬೇರೂರಿ ಬರುವ ಮರಕೆಸು ಎಂಬುದನ್ನು ಮನೆಯ ಹಿರಿಯ ಹೆಂಗಸರು ದೂರದಿಂದಲೇ ಹೇಳುತ್ತಿದ್ದರು. ಕಳಲೆಯನ್ನು ಹೆಚ್ಚಿ ನೀರಿನಲ್ಲಿಟ್ಟು, ದಿನಕ್ಕೊಮ್ಮೆ ನೀರು ಬದಲಿಸಿ ಮೂರನೆಯ ದಿನ ಅಡಿಗೆಗೆ ತೆಗೆದುಕೊಳ್ಳುವುದೂ ಹೀಗೆಯೇ. ಹಸಿ ಕಳಲೆಯಲ್ಲಿ ವಿಷದಂಶವಿರುವುದನ್ನು ವಿಜ್ಞಾನ ಆಮೇಲೆ ಹೇಳಿತು.

ಮೊದಲ ಮಳೆಗೆ ಎದ್ದ ಚಗಟೆಯ ಕುಡಿಯಲ್ಲಿ ಪಲ್ಯ, ಗದ್ದೆ ಬದುವಿನ ಒಂದೆಲಗದಲ್ಲಿ ತಂಬುಳಿ, ಬೇಲಿಯ ನಾಲ್ಕಾರು ಬಗೆಯ ಕನ್ನೆಕುಡಿಗಳನ್ನು ಬಾಡಿಸಿ ಅರೆದು ಮತ್ತೊಂದು ತಂಬುಳಿ. ಕೊಡಗಿನವರು ಕಕ್ಕಡ ಮಾಸದ ಹದಿನೆಂಟನೆಯ ದಿನ ಮದ್ದುಸೊಪ್ಪಿನ ನೇರಳೆ ಬಣ್ಣದ ರಸದಲ್ಲಿ ಪಾಯಸ ಮಾಡುವುದು ಎಲ್ಲರಿಗೂ ತಿಳಿದದ್ದೇ. ಆಷಾಢದಲ್ಲಿ ಹಣದ ಅಭಾವ, ತರಕಾರಿಯ ಅಭಾವ, ಸಂತೆಗೆ ಹೋಗಲು ದಾರಿಯ ಅಭಾವ. ಆ ದಿನಗಳಲ್ಲಿ ಮಲೆನಾಡಿನ ಮನೆಗಳನ್ನು ನಡೆಸಿದ್ದು ಈ ಸೊಪ್ಪುಗಳು. ದೊಡ್ಡ ಮನೆಗಳಲ್ಲಿ ಅದು ರುಚಿಗಾಗಿ ಇದ್ದಿರಬಹುದು. ಲೈನ್ ಮನೆಗಳಲ್ಲಿ ಅದು ಹೊಟ್ಟೆಗಾಗಿ ಇತ್ತು. ನಾವು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದವರು. ಇವುಗಳಲ್ಲಿ ಅರ್ಧಕ್ಕೆ ಲ್ಯಾಟಿನ್ ಹೆಸರು ಹೇಳಬಲ್ಲೆವು. ಆದರೆ ಯಾವುದನ್ನು ಯಾವ ವಾರ ಕೊಯ್ಯಬೇಕೆಂದು ಕೇಳಿದರೆ ನಮ್ಮ ತೋಟದ ಹಳೆಯ ಆಳಿನ ಮುಖವನ್ನೇ ನೋಡಬೇಕಾಗುತ್ತದೆ.

ಈಗ ನಮ್ಮದೇ ಒಂದು ತಪ್ಪನ್ನು ಸದಸ್ಯರ ಮುಂದೆ ಇಡುವುದು ಅವಶ್ಯವಾಗಿದೆ. ಇಷ್ಟು ಕಾಲ ಬರೆಯದೆ ಇದ್ದುದಕ್ಕೆ ಲಜ್ಜೆಯ ಹೊರತು ಬೇರೆ ಕಾರಣವಿಲ್ಲ.

2021ರ ಮಳೆಗಾಲ. ಕೊರೋನಾದ ಎರಡನೆಯ ಅಲೆಯ ಕಾರಣ ಹೊರಗಿನ ಆಳುಗಳು ಬಂದಿರಲಿಲ್ಲ. ಕಳೆ ಎದೆಮಟ್ಟ ಬೆಳೆದಿತ್ತು. ಬೇರೆ ದಾರಿ ಕಾಣದೆ ನಾವು ರೋಬಸ್ಟಾ ತೋಟದ ಕೆಳಗಿನ ಪಟ್ಟಿಗೂ, ಅದಕ್ಕೆ ಹೊಂದಿದ ಹಳ್ಳದ ದಂಡೆಗೂ ಮಳೆ ಬಿಡುವು ಕೊಟ್ಟ ಒಂದು ದಿನ ಕಳೆನಾಶಕ ಹೊಡೆಸಿದೆವು. ನಾಲ್ಕನೆಯ ದಿನ ಸಂಜೆ ತೋಟ ನೋಡಿಕೊಂಡು ಬರುವಾಗ ಮೂವತ್ತು ವರ್ಷದಿಂದ ನಮ್ಮಲ್ಲಿ ಕೆಲಸ ಮಾಡುತ್ತಿರುವ ಹಿರಿಯ ಹೆಂಗಸೊಬ್ಬಳು ಮಡಿಲು ತುಂಬ ಚಗಟೆ, ಕೆಸು ತುಂಬಿಕೊಂಡು ಅದೇ ದಂಡೆಯಿಂದ ಮೇಲೆ ಬರುತ್ತಿದ್ದಳು. ಅಲ್ಲಿ ಔಷಧಿ ಹೊಡೆದಿದೆ, ಚೆಲ್ಲು ಎಂದೆವು. ಅವಳು ನಂಬಲಿಲ್ಲ. "ಎಲೆ ಹಸಿರಾಗೇ ಅದೆಯಲ್ಲ ಅಯ್ಯಾ" ಎಂದಳು.

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಎಲೆಯ ಮೂಲಕ ಹೀರಿ ಬೇರಿಗೆ ಇಳಿಯುವ ಆ ಜಾತಿಯ ಕಳೆನಾಶಕ ತನ್ನ ಕೆಲಸವನ್ನು ನಿಧಾನವಾಗಿ ಮಾಡುತ್ತದೆ. ಎಲೆ ಹಳದಿಯಾಗಲು ನಾಲ್ಕಾರು ದಿನದಿಂದ ಒಂದು ವಾರ ಹಿಡಿಯುತ್ತದೆ. ಮೋಡ ಮುಸುಕಿದ ತಂಪು ದಿನಗಳಲ್ಲಿ ಇನ್ನೂ ಹೆಚ್ಚು. ಆ ಅವಧಿಯಲ್ಲಿ ನೋಡುವವರ ಕಣ್ಣಿಗೆ ಅದು ಒಳ್ಳೆಯ ಸೊಪ್ಪೇ. ಸೊಪ್ಪನ್ನು ಚೆಲ್ಲಿಸಿ, ಹಿತ್ತಲಿನ ಬೀನ್ಸು ಕೊಟ್ಟು ಕಳಿಸಿದೆವು. ಹೋಗುವಾಗ ಅವಳು "ಮೊದಲೇ ಒಂದು ಮಾತು ಹೇಳಿದ್ದರೆ ಆಗ್ತಿರಲಿಲ್ಲವಾ" ಎಂದಷ್ಟೇ ಅಂದಳು.

ಮನೆಗೆ ಬಂದು ಈ ಸಂಗತಿ ಹೇಳಿದಾಗ ನಮ್ಮ ಗೃಹಿಣಿ ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟು, "ಮೊನ್ನೆಯ ಪತ್ರೊಡೆಗೆ ಎಲೆ ತಂದದ್ದು ಎಲ್ಲಿಂದ ಅಂದುಕೊಂಡಿರಿ?" ಎಂದು ಕೇಳಿದರು. ಅದೇ ದಂಡೆಯಿಂದ. ಔಷಧಿ ಹೊಡೆದ ಮರುದಿನ. ಆ ಪತ್ರೊಡೆಯನ್ನು ನಾವು ಎರಡು ಸಲ ಹಾಕಿಸಿಕೊಂಡು ಉಂಡಿದ್ದೆವು. ರಜಕ್ಕೆ ಬಂದಿದ್ದ ಮಕ್ಕಳೂ ಉಂಡಿದ್ದರು. ಯಾರಿಗೂ ಏನೂ ಆಗಲಿಲ್ಲ, ದೇವರ ದಯೆ. ಆದರೆ ಏನೂ ಆಗಲಿಲ್ಲ ಎಂಬುದು ನಮ್ಮ ಜಾಣತನದಿಂದಲ್ಲ. ಒಂದೇ ಸೂರಿನಡಿಯಲ್ಲಿ ಔಷಧಿ ಹೊಡೆಸುವವನಿಗೂ ಅಡಿಗೆ ಮಾಡುವವಳಿಗೂ ಆ ದಿನ ಮಾತಾಗಿರಲಿಲ್ಲ. ಹಾಗಿರುವಾಗ ತೋಟದ ಯಜಮಾನನಿಗೂ ಲೈನ್ ಮನೆಯವರಿಗೂ ಮಾತಾಗುವುದು ಹೇಗೆ? ಆ ಹೆಂಗಸನ್ನು ನಾವು ಕಂಡದ್ದು ಆಕಸ್ಮಿಕ. ಕಾಣದೆ ಹೋದ ದಿನಗಳೆಷ್ಟೋ!

ನಾವು ಹೊಡೆಸಿದ ಔಷಧಿಯ ಹೆಸರು ಗ್ಲೈಫೋಸೇಟ್. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಇದನ್ನು 'ಬಹುಶಃ ಕ್ಯಾನ್ಸರ್‌ಕಾರಕ' ಎಂಬ ವರ್ಗಕ್ಕೆ ಸೇರಿಸಿತು. ಅಮೆರಿಕ, ಯೂರೋಪುಗಳ ನಿಯಂತ್ರಣ ಸಂಸ್ಥೆಗಳು ಆ ಅಭಿಪ್ರಾಯವನ್ನು ಒಪ್ಪಲಿಲ್ಲ. 2022ರ ಅಕ್ಟೋಬರಿನಲ್ಲಿ ನಮ್ಮ ಕೇಂದ್ರ ಸರ್ಕಾರ ಕೀಟ ನಿಯಂತ್ರಣ ನಿರ್ವಾಹಕರ ಹೊರತು ಬೇರೆಯವರು ಇದನ್ನು ಬಳಸಕೂಡದೆಂದು ಆದೇಶ ಹೊರಡಿಸಿತು. ಆ ಮೇಲೆ ಬೇರೆ ಬೇರೆ ಹೆಸರಿನ ಕಳೆನಾಶಕಗಳು ನಮ್ಮ ಗೋದಾಮಿಗೆ ಬಂದವು. ಡಬ್ಬಿಯ ಬಣ್ಣ ಬದಲಾಯಿತು; ಹೊಡೆಯುವ ಅಭ್ಯಾಸ ಬದಲಾಗಲಿಲ್ಲ. ವಿಜ್ಞಾನಿಗಳ ವಾದವನ್ನು ತೀರ್ಮಾನಿಸುವ ಅರ್ಹತೆ ನಮಗಿಲ್ಲ. ಆದರೆ ಔಷಧಿ ಬಿದ್ದ ಸೊಪ್ಪನ್ನು ಮಾರನೆಯ ದಿನ ಕೊಯ್ದು ಉಣ್ಣಬಹುದೆಂದು ಆ ವಾದದ ಯಾವ ಪಕ್ಷದವರೂ ಹೇಳಿದ್ದನ್ನು ನಾವು ಕೇಳಿಲ್ಲ.

ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಬೇಕು. ಕಳೆನಾಶಕದ ಮಾರಾಟದಿಂದ ನಮ್ಮ ಸಂಘಕ್ಕೆ ಕಮಿಷನ್ ಬರುತ್ತದೆ. ವಾರ್ಷಿಕ ಲೆಕ್ಕಪತ್ರವನ್ನು ಮಹಾಸಭೆಯ ಮುಂದೆ ಓದುವವರು ನಾವೇ. ಆ ಬಾಬತ್ತಿನ ಅಂಕಿ ಹಿಂದಿನ ವರ್ಷಕ್ಕಿಂತ ಏರಿದಾಗ ಸಂತೋಷದಿಂದಲೇ ಓದಿದ್ದೇವೆ. ಸಂಘ ಮಾರಿದ ವಸ್ತುವಿನಿಂದ ಸದಸ್ಯನ ಬೆಳೆಗೆ ಹಾನಿಯಾದರೆ ಸಂಘ ಉತ್ತರ ಹೇಳುತ್ತದೆ. ಸದಸ್ಯನ ತೋಟದ ಸೊಪ್ಪಿನಿಂದ ಅಡಿಗೆ ಮಾಡುವವರ ಆರೋಗ್ಯಕ್ಕೆ ಹಾನಿಯಾದರೆ ಉತ್ತರ ಹೇಳಬೇಕಾದವರು ಯಾರು? ಸಹಕಾರ ಎಂಬ ಪದ ನಮ್ಮ ಬೋರ್ಡಿನ ಮೇಲೆ ಇರುವವರೆಗೆ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ನಮಗೆ ಸಾಧ್ಯವಿಲ್ಲ.

ಅಡಿಕೆ ತೋಟದ ಮಾತು ಇನ್ನೂ ಸೂಕ್ಷ್ಮವಾದದ್ದು. ಅಲ್ಲಿ ಕಳೆನಾಶಕ ಹೊಡೆಯದವರೂ ಕೊಳೆ ಔಷಧಿ ಹೊಡೆಯದೆ ಇರಲಾರರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು: ಶೇಕಡ 1ರ ಬೋರ್ಡೋ ದ್ರಾವಣ. ಮೈಸೂರು ಸಂಸ್ಥಾನದ ಕಾಲದಲ್ಲಿ, 1910ರ ಸುಮಾರಿಗೆ, ಡಾ. ಲೆಸ್ಲಿ ಕೋಲ್ಮನ್ ಅವರು ನಮ್ಮ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ ಈ ಸಿಂಪರಣೆಯನ್ನು ರೂಢಿಗೆ ತಂದರು. ಆ ಉಪಕಾರವನ್ನು ಮಲೆನಾಡು ಮರೆಯುವಂತಿಲ್ಲ. ಆದರೆ ಈ ದ್ರಾವಣ ಮೊದಲು ಹುಟ್ಟಿದ್ದು ಹೇಗೆಂದು ನಮ್ಮಲ್ಲಿ ಹಲವರಿಗೆ ತಿಳಿದಿರಲಾರದು. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ಬೆಳೆಗಾರರು ದಾರಿಹೋಕರು ಹಣ್ಣು ಕಿತ್ತು ತಿನ್ನದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ–ಸುಣ್ಣದ ನೀಲಿ ನೀರನ್ನು ಎರಚುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ಬೂಷ್ಟು ರೋಗ ಬಾರದಿದ್ದುದನ್ನು 1882ರಲ್ಲಿ ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞ ಗಮನಿಸಿ, ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದ. ಅಂದರೆ ಈ ಔಷಧಿಯ ಮೊದಲ ಉದ್ಯೋಗವೇ 'ಇದನ್ನು ತಿನ್ನಬೇಡಿ' ಎಂದು ಹೇಳುವುದಾಗಿತ್ತು. ಅವರ ದ್ರಾಕ್ಷಿಯ ಮೇಲಿನ ನೀಲಿ ಬಣ್ಣ ದಾರಿಹೋಕನಿಗೆ ಕಾಣುತ್ತಿತ್ತು. ನಮ್ಮ ಕೊನೆಗಾರ ಮರದ ತುದಿಯಲ್ಲಿ ಹೊಡೆದದ್ದು ಹನಿಹನಿಯಾಗಿ ಕೆಳಗಿನ ಕೆಸುವಿನ ಮೇಲೆ, ಒಂದೆಲಗದ ಮೇಲೆ ಬೀಳುತ್ತದೆ. ಮಳೆಯಲ್ಲಿ ಅರ್ಧ ತೊಳೆದುಹೋಗಿ, ಉಳಿದರ್ಧ ಕಣ್ಣಿಗೆ ಕಾಣದಂತಾಗುತ್ತದೆ. ಮಳೆಗಾಲದ ಆರಂಭಕ್ಕೆ ಒಂದು ಸಲ, ಅಲ್ಲಿಂದ ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು ಸಲ. ಎರಡನೆಯದು ಸರಿಯಾಗಿ ಆಷಾಢದ ಸೊಪ್ಪಿನ ಕಾಲಕ್ಕೇ ಬರುತ್ತದೆ.

ಇದಕ್ಕೆ ಪ್ರತಿಯಾಗಿ ಸದಸ್ಯರು ಹೇಳುವ ಮಾತುಗಳನ್ನು ನಾವು ಬಲ್ಲೆವು. "ಆಳು ಎಲ್ಲಿದ್ದಾರೆ ಸ್ವಾಮಿ? ಕೈಯಲ್ಲಿ ಕಳೆ ಕೊಚ್ಚಿಸಿದರೆ ಬಂದ ಉತ್ಪನ್ನ ಕೂಲಿಗೇ ಸಾಲದು" ಎನ್ನುತ್ತಾರೆ. ನಿಜ. ಎರಡು ಮೂರು ಎಕರೆಯ ಬೆಳೆಗಾರ ಕಳೆನಾಶಕದ ಡಬ್ಬಿ ಕೊಳ್ಳುವುದು ಹುಚ್ಚಿನಿಂದಲ್ಲ, ಕಷ್ಟದಿಂದ. ನಾವೂ ಕೊಂಡವರೇ. ಆದ್ದರಿಂದ ಕಳೆನಾಶಕವನ್ನು ಇಂದೇ ಬಿಟ್ಟುಬಿಡಿ ಎಂದು ಗೋದಾಮಿನ ಬಾಗಿಲಲ್ಲಿ ನಿಂತು ಉಪದೇಶ ಮಾಡುವ ಧೈರ್ಯ ನಮಗಿಲ್ಲ. "ಈಗ ಈ ಸೊಪ್ಪನ್ನೆಲ್ಲ ತಿನ್ನುವವರು ಯಾರು? ಅಂಗಡಿಯಲ್ಲಿ ತರಕಾರಿ ಸಿಗುತ್ತದೆ" ಎಂಬುದು ಎರಡನೆಯ ಮಾತು. ಇದನ್ನು ಮಾತ್ರ ಒಪ್ಪಲಾರೆವು. ಅಂಗಡಿಯ ತರಕಾರಿಗೆ ಹಣ ಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ 57 ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದಾರೆ. ಸೊಪ್ಪೊಂದರಿಂದಲೇ ಅದು ವಾಸಿಯಾಗುತ್ತದೆಂದು ನಾವು ಹೇಳುವುದಿಲ್ಲ. ಅದಕ್ಕೆ ವೈದ್ಯರಿದ್ದಾರೆ, ಕಬ್ಬಿಣದ ಮಾತ್ರೆಗಳಿವೆ. ಆದರೆ ಹಸಿರು ಸೊಪ್ಪು ತಿನ್ನಿರೆಂದು ಆರೋಗ್ಯ ಕಾರ್ಯಕರ್ತೆ ಮನೆ ಬಾಗಿಲಿಗೆ ಬಂದು ಹೇಳುತ್ತಿರುವಾಗ, ಪುಕ್ಕಟೆ ಬೆಳೆದ ಸೊಪ್ಪಿಗೆ ನಾವು ಹಣ ಕೊಟ್ಟು ವಿಷ ತಂದು ಹೊಡೆಯುವುದು ಯಾವ ಲೆಕ್ಕ?

ಹಾಗೆಂದು ಕಾಡಿನದೆಲ್ಲ ಅಮೃತವೆಂಬ ಭ್ರಮೆಯೂ ಬೇಡ. ಪೇಟೆಯಿಂದ ಬಂದ ನೆಂಟರು ಮೊಬೈಲಿನಲ್ಲಿ ಚಿತ್ರ ನೋಡಿ ಸೊಪ್ಪು, ಅಣಬೆ ಕೊಯ್ಯುವುದನ್ನು ನಾವು ಕಂಡಿದ್ದೇವೆ, ಇದು ಅಪಾಯಕರ. ಮನೆಯ ಹಿರಿಯರು ಉಂಡು ಬಲ್ಲ ಗಿಡವನ್ನು ಮಾತ್ರ, ಅವರು ಹೇಳಿದ ಕಾಲದಲ್ಲಿ, ಅವರು ಹೇಳಿದ ರೀತಿಯಲ್ಲಿ ಬೇಯಿಸಿ ಉಣ್ಣತಕ್ಕದ್ದು. ಅನುಮಾನ ಬಂದದ್ದನ್ನು ದನಕ್ಕೂ ಹಾಕಬಾರದು. ಈ ಕಾರಣಕ್ಕಾಗಿಯೇ ಬಲ್ಲ ಹಿರಿಯರು ಇರುವಾಗಲೇ ಕೇಳಿ ಕಲಿಯಬೇಕಾಗಿದೆ. ಕಲಿಯುವವರು ಕಡಿಮೆಯಾದಷ್ಟೂ ತಿನ್ನುವುದು ಹೆಚ್ಚು ಅಪಾಯವಾಗುತ್ತದೆ. ಕೊನೆಗೆ ಒಳ್ಳೆಯ ಸೊಪ್ಪಿಗೂ ಹೆದರುವ ಕಾಲ ಬರುತ್ತದೆ.

ಆದುದರಿಂದ ಸದಸ್ಯರ ಪರಿಶೀಲನೆಗಾಗಿ ನಾವು ಕೆಲವು ಸಲಹೆಗಳನ್ನು ಮುಂದಿಡುತ್ತಿದ್ದೇವೆ.

ಒಂದನೆಯದಾಗಿ, ಪ್ರತಿಯೊಬ್ಬ ಸದಸ್ಯನೂ ತನ್ನ ತೋಟದಲ್ಲಿ ಒಂದು ಸೊಪ್ಪಿನ ಪಟ್ಟಿಯನ್ನು ಉಳಿಸಿಕೊಳ್ಳಲಿ. ಹಳ್ಳದ ದಂಡೆ, ಕೆರೆಯ ಏರಿ, ಮನೆಯ ಹಿಂದಿನ ಇಳಿಜಾರು ಇದಕ್ಕೆ ತಕ್ಕ ಜಾಗಗಳು. ಹೇಗಿದ್ದರೂ ನೀರಿನ ಬದಿಗೆ ಔಷಧಿ ಹೊಡೆಯಬಾರದು. ಅಲ್ಲಿಯ ಕಳೆ ಹೆಚ್ಚಾದರೆ ಕತ್ತಿಯಿಂದ ಕೊಚ್ಚಿಸಿದರೆ ಸಾಕು. ಒಂದು ಎಕರೆಯಲ್ಲಿ ನಾಲ್ಕು ಗುಂಟೆ ಬಿಟ್ಟರೆ ಯಾರ ಫಸಲೂ ಮುಳುಗುವುದಿಲ್ಲ.

ಎರಡನೆಯದಾಗಿ, ಔಷಧಿ ಹೊಡೆದ ಜಾಗಕ್ಕೆ ಗುರುತು ಹಾಕುವುದು ಕಡ್ಡಾಯವಾಗಲಿ. ನಾಲ್ಕು ಬಿದಿರು ಕೋಲಿಗೆ ನಾಲ್ಕು ಕೆಂಪು ಬಟ್ಟೆ. ಓದು ಬಾರದವರಿಗೂ ಅರ್ಥವಾಗುತ್ತದೆ. ಕಳೆ ಪೂರ್ತಿ ಒಣಗಿ ಹೊಸ ಚಿಗುರು ಬರುವ ತನಕ ಬಟ್ಟೆಯನ್ನು ತೆಗೆಯಬಾರದು. ಕಳೆನಾಶಕ ಕೊಳ್ಳುವ ಪ್ರತಿ ಸದಸ್ಯನಿಗೂ ಡಬ್ಬಿಯೊಡನೆ ಕೆಂಪು ಬಟ್ಟೆಯ ಒಂದು ಕಟ್ಟನ್ನು ಸಂಘವೇ ಉಚಿತವಾಗಿ ಕೊಡಬೇಕೆಂದೂ, ಅದರ ಖರ್ಚನ್ನು ಅದೇ ಕಮಿಷನ್ ಹಣದಿಂದ ಭರಿಸಬೇಕೆಂದೂ ನಾವು ಮುಂದಿನ ಆಡಳಿತ ಮಂಡಲಿ ಸಭೆಯಲ್ಲಿ ಸೂಚನೆ ಮಂಡಿಸಲಿದ್ದೇವೆ.

ಮೂರನೆಯದಾಗಿ, ಕೊಳೆ ಔಷಧಿ ಹೊಡೆಯುವ ದಿನ ಗೊತ್ತಾದೊಡನೆ ಒಂದು ದಿನ ಮುಂಚಿತವಾಗಿ ಮನೆಯ ಹೆಂಗಸರಿಗೂ ಲೈನ್ ಮನೆಗಳಿಗೂ ತಿಳಿಸಬೇಕು. ಬೇಕಾದ ಸೊಪ್ಪನ್ನು ಅಂದೇ ಕೊಯ್ದುಕೊಳ್ಳಲಿ. ಹೊಡೆದ ಮೇಲೆ ಆ ಮರಗಳ ಕೆಳಗಿನ ಹಳೆಯ ಎಲೆಯನ್ನು ಅಡಿಗೆಗೆ ತೆಗೆಯಬಾರದು.

ನಾಲ್ಕನೆಯದಾಗಿ, ಸೊಪ್ಪು ಕೊಯ್ಯುವವರನ್ನು ತಡೆಯಬಾರದು. ಈಚೆಗೆ ಕೆಲವು ತೋಟಗಳಿಗೆ ತಂತಿ ಬೇಲಿ, ಗೇಟು, ಕ್ಯಾಮೆರಾಗಳು ಬಂದಿವೆ. ಮೆಣಸು, ಕಾಫಿಯ ಕಳ್ಳತನವಿರುವಾಗ ಅವು ಬೇಡವೆನ್ನುವಂತಿಲ್ಲ. ಆದರೆ ಮಡಿಲಲ್ಲಿ ಚಗಟೆ ತುಂಬಿಕೊಂಡು ಹೋಗುವ ಹೆಂಗಸನ್ನು ಕಳ್ಳಿಯಂತೆ ನಿಲ್ಲಿಸಿ ಕೇಳಿದ ಪ್ರಸಂಗ ನಮ್ಮ ಕಿವಿಗೆ ಬಿದ್ದಿದೆ. ನಮ್ಮ ಹಿರಿಯರು ಹಾಗೆ ಮಾಡಿರಲಿಲ್ಲ. ಅವಳು ಕೊಯ್ದಷ್ಟೂ ನಮಗೆ ಕಳೆ ಕಡಿಮೆಯೇ.

ಐದನೆಯದಾಗಿ, ಬರುವ ಆಷಾಢದಲ್ಲಿ ಸಂಘದ ಸಭಾಂಗಣದಲ್ಲಿ ಒಂದು ಮಧ್ಯಾಹ್ನವನ್ನು ಈ ವಿಷಯಕ್ಕೆ ಮೀಸಲಿಡೋಣ. ಉಪನ್ಯಾಸ ಬೇಡ, ಹಾರ ತುರಾಯಿ ಬೇಡ. ಸೊಪ್ಪು ಬಲ್ಲ ಹಿರಿಯ ಹೆಂಗಸರು, ಸದಸ್ಯರ ಮನೆಯವರಿರಲಿ ಲೈನ್ ಮನೆಯವರಿರಲಿ, ತಾವು ಬಲ್ಲ ಗಿಡಗಳನ್ನು ತಂದು ಮೇಜಿನ ಮೇಲಿಟ್ಟು ತೋರಿಸಲಿ; ತುರಿಸುವುದನ್ನೂ ತೋರಿಸಲಿ. ಶಾಲೆಯ ಮಕ್ಕಳನ್ನು ಕರೆಯೋಣ. ನಮ್ಮ ಸಂಘ ಸ್ಥಾಪನೆಯಾದಂದಿನಿಂದ ವೇದಿಕೆಯ ಮೇಲೆ ಬಂದು ಮಾತನಾಡಿದ ಹೆಂಗಸರನ್ನು ಬೆರಳಲ್ಲಿ ಎಣಿಸಬಹುದು. ಈ ನೆಪದಲ್ಲಾದರೂ ಆ ಕೊರತೆ ಸ್ವಲ್ಪ ನೀಗೀತು.

2021ರಲ್ಲಿ ಒಣಗಿದ ನಮ್ಮ ಹಳ್ಳದ ದಂಡೆಗೆ ಆಮೇಲೆ ನಾವು ಔಷಧಿ ಹೊಡೆಸಿಲ್ಲ. ಮರುವರ್ಷ ಅಲ್ಲಿ ಹುಲ್ಲು ಮಾತ್ರ ಬಂತು. ಅದರ ಮುಂದಿನ ವರ್ಷ ಚಗಟೆ ಬಂತು. ಗೆಡ್ಡೆ ಉಳಿದಿತ್ತೋ, ಮೇಲಿನಿಂದ ನೀರಿನಲ್ಲಿ ತೇಲಿ ಬಂದಿತ್ತೋ, ಈಗ ಕೆಸುವೂ ನಾಲ್ಕಾರು ಕಡೆ ಎದ್ದಿದೆ. ಅದರ ಜೊತೆಗೆ ತುರಿಚೆಯೂ ಬಂದಿದೆ. ಹೋದ ತಿಂಗಳು ನಮ್ಮ ಮೊಣಕಾಲಿಗೇ ತಗುಲಿತು. ಉರಿ ತಡೆಯಲಾರದೆ ಕುಳಿತಾಗ ಅದೇ ಹಿರಿಯ ಹೆಂಗಸು ನೋಡಿ ನಕ್ಕಳು. ಈ ಸಲ ಅವಳ ಮಡಿಲಲ್ಲಿದ್ದ ಸೊಪ್ಪನ್ನು ಚೆಲ್ಲೆಂದು ಹೇಳುವ ಪ್ರಮೇಯ ನಮಗಿರಲಿಲ್ಲ.

ಮೇಲಿನ ಸಲಹೆಗಳ ಬಗ್ಗೆ ಸದಸ್ಯರು ತಮ್ಮ ಅಭಿಪ್ರಾಯಗಳನ್ನು, ವಿರೋಧವಿದ್ದರೆ ವಿರೋಧವನ್ನೂ, ಸಂಘದ ಕಛೇರಿಗೆ ಪತ್ರ ಮುಖೇನ ಅಥವಾ ಖುದ್ದಾಗಿ ತಿಳಿಸಬೇಕಾಗಿ ವಿನಂತಿ. ಪತ್ರ ಬರೆಯುವ ಮುಂಚೆ ದಯವಿಟ್ಟು ಮನೆಯಲ್ಲಿ ಅಡಿಗೆ ಮಾಡುವವರನ್ನೂ ಒಂದು ಮಾತು ಕೇಳಿರಿ.

ಇತಿ,
ಕಾರ್ಯದರ್ಶಿ